ಸೂರೆಯ ಚಿತ್ರಗಳು ನುಡಿಯುವ ಸಾಕ್ಷ್ಯ

ಕದ್ದವನು ಕದ್ದುದನ್ನು ಬಚ್ಚಿಡುತ್ತಾನೆಂಬುದು ಲೋಕಾನುಭವ. ಕನ್ನ ಕೊರೆದು ಒಡವೆ ತಂದವನು ಅದನ್ನು ನೆಲದಲ್ಲಿ ಹೂಳುತ್ತಾನೆ, ಇಲ್ಲವೆ ಕರಗಿಸಿ ದೂರದ ಪೇಟೆಯಲ್ಲಿ ಮಾರುತ್ತಾನೆ. ಯಾರಾದರೂ ಕೇಳಿದರೆ ತನಗೇನೂ ತಿಳಿಯದೆಂದು ಆಣೆಯಿಡುತ್ತಾನೆ. ಆದರೆ ಒಂದು ನಗರವನ್ನೇ ಸುಲಿದು ತಂದವನ ರೀತಿ ಬೇರೆ. ಅವನು ಶಿಲ್ಪಿಗಳನ್ನು ಕರೆಸುತ್ತಾನೆ. ಯಾರ ಮನೆಯಿಂದ ಏನನ್ನು ಹೊತ್ತು ತಂದೆನೆಂಬುದನ್ನು ಕಲ್ಲಿನಲ್ಲಿ ಕೊರೆಯಿಸುತ್ತಾನೆ. ಬಂದವರೆಲ್ಲರೂ ನೋಡಲೆಂದು ಅದನ್ನು ಅರಮನೆಯ ಗೋಡೆಗೋ ರಾಜಬೀದಿಯ ಕಮಾನಿಗೋ ಕೂಡಿಸುತ್ತಾನೆ. ಕಳ್ಳತನಕ್ಕೆ ನಾಚಿಕೆಯುಂಟು, ಸೂರೆಗೆ ನಾಚಿಕೆಯಿಲ್ಲ. ಪ್ರಪಂಚದ ಕಲಾಭಂಡಾರದಲ್ಲಿ ಸೂರೆಯ ಚಿತ್ರಗಳು ಇಷ್ಟೊಂದು ಸಂಖ್ಯೆಯಲ್ಲಿ ಉಳಿದು ಬಂದಿರುವುದಕ್ಕೆ ಇದೇ ಮೊದಲ ಕಾರಣ.

ಶಾಲೆಯ ಇತಿಹಾಸ ಪಾಠದಲ್ಲಿ ಚಿತ್ರಕ್ಕೆ ದೊರೆಯುವ ಸ್ಥಾನ ಸಾಮಾನ್ಯವಾಗಿ ಅಲಂಕಾರದ್ದು. ರಾಜರ ಹೆಸರು, ಯುದ್ಧದ ಇಸವಿ, ಒಪ್ಪಂದದ ಕಲಮುಗಳು ಪಾಠವೆನಿಸುತ್ತವೆ. ಪುಟದ ಮೂಲೆಯ ಚಿತ್ರ ಕಣ್ಣಿಗೆ ವಿಶ್ರಾಂತಿಯೆನಿಸುತ್ತದೆ. ಈ ಪದ್ಧತಿ ಸರಿಯಲ್ಲ. ಶಾಸನದಂತೆ, ಕಡತದಂತೆ ಚಿತ್ರವೂ ಒಂದು ದಾಖಲೆ. ಅದನ್ನು ಯಾರು ಮಾಡಿಸಿದರು, ಯಾರ ಕಣ್ಣಿಗಾಗಿ ಮಾಡಿಸಿದರು, ಅದರಲ್ಲಿ ಏನನ್ನು ಬಿಟ್ಟರು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ನೋಡಿದ ಚಿತ್ರವು, ನೋಡುವವನಿಗೆ ಅರಿವಿಲ್ಲದಂತೆಯೇ, ಅವನನ್ನು ಗೆದ್ದವನ ಪಕ್ಕದಲ್ಲಿ ಕುಳ್ಳಿರಿಸಿಬಿಡುತ್ತದೆ. ಸೂರೆಯನ್ನು ಕುರಿತ ಚಿತ್ರಗಳ ವಿಷಯದಲ್ಲಂತೂ ಈ ಅಪಾಯ ಬಹಳ ದೊಡ್ಡದು.

ಇಂದಿನ ಇರಾಕ್ ದೇಶದ ಮೋಸುಲ್ ನಗರದ ಬಳಿ ಅಸ್ಸೀರಿಯನ್ನರ ರಾಜಧಾನಿಯಾದ ನಿನೆವೆ ಇತ್ತು. ಅಲ್ಲಿ ಸೆನ್ನಾಕೆರಿಬ್ ದೊರೆಯ ಅರಮನೆಯ ಒಂದು ಕೋಣೆಯ ಗೋಡೆಗಳ ತುಂಬ ಉಬ್ಬುಶಿಲ್ಪದ ಫಲಕಗಳನ್ನು ನಿಲ್ಲಿಸಲಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲೇಯರ್ಡ್ ಎಂಬಾತನು ಇವನ್ನು ಅಗೆದು ತೆಗೆದನು. ಈಗ ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕ್ರಿ. ಪೂ. 701ರಲ್ಲಿ ಯೂದಾಯ ನಾಡಿನ ಲಾಕೀಶ್ ನಗರವನ್ನು ಮುತ್ತಿ ಹಿಡಿದ ಕಥೆ ಅವುಗಳಲ್ಲಿದೆ. ಕೋಟೆಯ ಗೋಡೆಯನ್ನು ಒಡೆಯುವ ಯಂತ್ರಗಳು, ಬಿಲ್ಲಾಳುಗಳು, ಮೇಲಿಂದ ಬೀಳುವ ಉರಿಗೊಳ್ಳಿಗಳು ಒಂದು ಕಡೆ. ಸೋತ ನಗರದಿಂದ ಹೊರಬೀಳುವ ಮೆರವಣಿಗೆ ಇನ್ನೊಂದು ಕಡೆ. ಸೈನಿಕರು ನಗರದ ಬೆಲೆಬಾಳುವ ಸಾಮಗ್ರಿಗಳನ್ನು ಹೊತ್ತು ನಡೆದಿದ್ದಾರೆ. ಅವರ ಹಿಂದೆ ಎತ್ತಿನ ಬಂಡಿಗಳ ಮೇಲೆ ಗಂಟುಮೂಟೆ, ಮೂಟೆಗಳ ಮೇಲೆ ಹೆಂಗಸರು ಮಕ್ಕಳು. ಮೆರವಣಿಗೆಯ ತುದಿಯಲ್ಲಿ ದೊರೆ ಸಿಂಹಾಸನದ ಮೇಲೆ ಕುಳಿತಿದ್ದಾನೆ. ಲಾಕೀಶಿನ ಕೊಳ್ಳೆಯು ಅವನ ಮುಂದೆ ಹಾದುಹೋಯಿತೆಂದು ಪಕ್ಕದಲ್ಲೇ ಬರೆದಿದೆ. ಅದೇ ಅರಮನೆಯ ಬೇರೆ ಫಲಕಗಳಲ್ಲಿ ಇಬ್ಬರು ಕರಣಿಕರು ಜೊತೆಯಾಗಿ ನಿಂತು ಕೊಳ್ಳೆಯ ಲೆಕ್ಕ ಬರೆದುಕೊಳ್ಳುತ್ತಿರುವ ದೃಶ್ಯವೂ ಉಂಟು. ಗದ್ದಲ, ಹೊಗೆ, ಆಕ್ರಂದನಗಳ ನಡುವೆ ಆ ಇಬ್ಬರ ಮುಖದಲ್ಲಿ ಯಾವ ಕಳವಳವೂ ಇಲ್ಲ. ಸೂರೆಯೆಂಬುದು ಕೆರಳಿದ ಸೈನಿಕರ ಕ್ಷಣಿಕ ಹುಚ್ಚು ಎಂದು ಭಾವಿಸುವವರು ಈ ಕರಣಿಕರನ್ನು ನೋಡಬೇಕು. ಅದು ರಾಜ್ಯದ ಒಂದು ಇಲಾಖೆಯಾಗಿತ್ತು, ಅದಕ್ಕೆ ಲೆಕ್ಕಪತ್ರವಿತ್ತು.

ಈ ಶಿಲ್ಪಕ್ಕೆ ಇನ್ನೊಂದು ಮುಖವೂ ಇದೆ. ಸಿಂಹಾಸನಾರೂಢನಾದ ಆ ದೊರೆಯ ಮುಖವನ್ನು ಯಾರೋ ಬೇಕೆಂದೇ ಒಡೆದು ಹಾಕಿದ್ದಾರೆ. ಕ್ರಿ. ಪೂ. 612ರಲ್ಲಿ ನಿನೆವೆಯೂ ಶತ್ರುಗಳ ಕೈಗೆ ಸಿಕ್ಕಿ ಸೂರೆಯಾಯಿತು. ಮುಖವನ್ನು ಒಡೆದವರು ಆಗ ಗೆದ್ದವರೇ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ದೊರೆಯ ಮುಖ ಹೋಯಿತು. ಬಂಡಿಯ ಮೇಲೆ ಕುಳಿತ ಲಾಕೀಶಿನ ತಾಯಿ ಮಕ್ಕಳು ಉಳಿದರು.

ರೋಮ್ ನಗರದಲ್ಲಿರುವ ಟೈಟಸ್ಸನ ವಿಜಯ ಕಮಾನಿನ ಕಥೆಯೂ ಇದನ್ನೇ ಹೋಲುತ್ತದೆ. ಕ್ರಿ. ಶ. 70ರಲ್ಲಿ ಟೈಟಸ್ಸನ ಸೈನ್ಯವು ಜೆರುಸಲೇಮನ್ನು ಹಿಡಿದು, ಯಹೂದ್ಯರ ಮಹಾದೇವಾಲಯವನ್ನು ಸುಟ್ಟು, ಅಲ್ಲಿಯ ಪವಿತ್ರ ವಸ್ತುಗಳನ್ನು ರೋಮಿಗೆ ತಂದಿತು. ಟೈಟಸ್ಸನು 81ರಲ್ಲಿ ತೀರಿಕೊಂಡ ಮೇಲೆ ಅವನ ತಮ್ಮನಾದ ಡೊಮಿಷಿಯನ್ ಈ ಕಮಾನನ್ನು ಕಟ್ಟಿಸಿದನು. ಅದರ ಒಳಮೈಯ ಒಂದು ಫಲಕದಲ್ಲಿ ತಲೆಗೆ ಎಲೆಯ ಮಾಲೆ ತೊಟ್ಟ ರೋಮನ್ನರು ಏಳು ಕವಲಿನ ದೀಪಸ್ತಂಭವನ್ನೂ ನೈವೇದ್ಯದ ಮೇಜನ್ನೂ ಕಹಳೆಗಳನ್ನೂ ಹೆಗಲ ಮೇಲೆ ಹೊತ್ತು ಸಾಗುತ್ತಿದ್ದಾರೆ. ಸೋತ ಜನಾಂಗದ ಮಾನಭಂಗಕ್ಕೆಂದು ಕೊರೆದ ಶಿಲ್ಪವಿದು. ಆದರೆ ಮೂಲ ದೀಪಸ್ತಂಭವು ಈಗ ಎಲ್ಲಿಯೂ ಇಲ್ಲ. ಅದರ ರೂಪವನ್ನು ಕಾಣಬೇಕೆನ್ನುವವರು ಸುಲಿದವರ ಕಮಾನನ್ನೇ ನೋಡಬೇಕಾಗಿ ಬಂದಿದೆ. 1949ರಲ್ಲಿ ಇಸ್ರೇಲ್ ರಾಷ್ಟ್ರವು ತನ್ನ ಲಾಂಛನವನ್ನು ರಚಿಸಿಕೊಂಡಾಗ ಆ ಕಮಾನಿನ ಶಿಲ್ಪದ ದೀಪವನ್ನೇ ಮಾದರಿಯಾಗಿ ತೆಗೆದುಕೊಂಡಿತು. ಗೆದ್ದವನು ತನ್ನ ಕೀರ್ತಿಗೆಂದು ಬರೆಯಿಸಿದ ಚಿತ್ರವು ಕಾಲಾಂತರದಲ್ಲಿ ಸೋತವನ ಪರವಾದ ಸಾಕ್ಷಿಯಾಗಿ ನಿಲ್ಲುವುದು ಹೀಗೆ. ಕಲ್ಲು ಒಡೆಯನ ಮಾತನ್ನು ಎಂದೆಂದಿಗೂ ಕೇಳುವುದಿಲ್ಲ.

ನಾಚಿಕೆಯಿಲ್ಲದ ಚಿತ್ರಗಳು ಇವಾದರೆ, ನಾಚಿಕೊಂಡು ಬಣ್ಣ ಬಳಿದ ಚಿತ್ರವೂ ಒಂದುಂಟು. ಅದರ ಕಥೆ ಇನ್ನೂ ವಿಚಿತ್ರವಾದುದು. ಫ್ಲಾಂಡರ್ಸ್ ನಾಡಿನ ಪ್ರಸಿದ್ಧ ಚಿತ್ರಕಾರನಾದ ಪೀಟರ್ ಬ್ರೂಗಲ್ ಸುಮಾರು 1565ರಿಂದ 1567ರ ಅವಧಿಯಲ್ಲಿ ಹಲಗೆಯ ಮೇಲೆ ಒಂದು ತೈಲಚಿತ್ರವನ್ನು ರಚಿಸಿದನು. ಬೆತ್ಲೆಹೇಮಿನ ಗಂಡುಕೂಸುಗಳನ್ನೆಲ್ಲ ಕೊಲ್ಲಬೇಕೆಂದು ಹೆರೋದ್ ದೊರೆ ಆಜ್ಞೆ ಮಾಡಿದ ಬೈಬಲ್ಲಿನ ಪ್ರಸಂಗ ಅದರ ವಸ್ತು. ಬ್ರೂಗಲ್ ಅದನ್ನು ದೂರದ ಬೆತ್ಲೆಹೇಮಿನಲ್ಲಿ ಇರಿಸದೆ ತನ್ನ ನಾಡಿನದೇ ಒಂದು ಹಿಮ ಮುಚ್ಚಿದ ಹಳ್ಳಿಯಲ್ಲಿ, ತನ್ನ ಕಾಲದ ಸೈನಿಕರ ಕೈಯಲ್ಲಿ ನಡೆಯಿಸಿದನು. ಕವಚ ತೊಟ್ಟ ಕುದುರೆಸವಾರರು ಹಳ್ಳಿಯ ನಡುವೆ ಸಾಲಾಗಿ ನಿಂತಿದ್ದಾರೆ, ಕಾಲಾಳುಗಳು ಬಾಗಿಲು ಕಿಟಕಿಗಳನ್ನು ಒಡೆಯುತ್ತಿದ್ದಾರೆ, ಹಳ್ಳಿಗರು ಅಂಗಲಾಚುತ್ತಿದ್ದಾರೆ.

ಮುಂದೆ ಈ ಚಿತ್ರ ಪ್ರಾಗ್ ನಗರದಲ್ಲಿದ್ದ ಚಕ್ರವರ್ತಿ ಎರಡನೆಯ ರುಡಾಲ್ಫನ ಕೈಸೇರಿತು. ರುಡಾಲ್ಫನು ಕಲಾರಸಿಕನೆಂದು ಹೆಸರಾದವನು. ಆದರೆ ಚಿತ್ರದಲ್ಲಿ ಕೂಸುಗಳು ಇದ್ದ ಎಡೆಯಲ್ಲೆಲ್ಲ ಬೇರೆ ಬಣ್ಣ ಬಳಿಸಲಾಯಿತು. ತಾಯಿಯ ಮಡಿಲಿನಲ್ಲಿದ್ದ ಸತ್ತ ಮಗು ಒಂದು ಗಂಟಾಯಿತು; ಈಟಿಗೆ ಸಿಕ್ಕ ಕೂಸುಗಳು ಸಾಕುಪ್ರಾಣಿಗಳಾದವು; ಮತ್ತೊಂದೆಡೆ ಮಗುವಿನ ಬದಲು ಹಕ್ಕಿ ಬಂದಿತು. ಕೊಲೆಯ ಚಿತ್ರ ಹೀಗೆ ಕೊಳ್ಳೆಯ ಚಿತ್ರವಾಯಿತು. ಚಕ್ರವರ್ತಿಯ ಅರಮನೆಯ ಗೋಡೆಗೆ ಶಿಶುಹತ್ಯೆ ಒಗ್ಗುವಂತಿರಲಿಲ್ಲ. ಹಳ್ಳಿಯೊಂದರ ಲೂಟಿ ಮಾತ್ರ ಚೆನ್ನಾಗಿ ಒಗ್ಗುವಂತಿತ್ತು. ಆದರೆ ಬಣ್ಣ ಬಳಿಯುವವನು ಮುಖಗಳನ್ನು ಬದಲಿಸಲಿಲ್ಲ. ಆದುದರಿಂದ ಇಂದಿಗೂ ಆ ಚಿತ್ರದಲ್ಲಿ ತಾಯಿಯೊಬ್ಬಳು ತನ್ನ ಮಡಿಲ ಗಂಟಿಗಾಗಿ ಕೂಸು ಸತ್ತವಳಂತೆ ಗೋಳಿಡುತ್ತಿದ್ದಾಳೆ. ಮೇಲ್ಬಣ್ಣದಡಿಯಲ್ಲಿ ಮಕ್ಕಳ ಆಕೃತಿ ಅಲ್ಲಲ್ಲಿ ಇಣುಕುತ್ತದೆ. ಬ್ರೂಗಲ್ಲನ ಮಗನು ಮಾಡಿದ ಪ್ರತಿಗಳಲ್ಲಂತೂ ಕೂಸುಗಳು ಕೂಸುಗಳಾಗಿಯೇ ಉಳಿದಿವೆ.

ಕೊಳ್ಳೆಯ ಚಿತ್ರವಾಗಿ ಮಾರ್ಪಟ್ಟ ಆ ಹಲಗೆ ಮುಂದೆ ತಾನೇ ಕೊಳ್ಳೆಗೆ ಸಿಕ್ಕಿತು. 1648ರಲ್ಲಿ ಸ್ವೀಡನ್ನಿನ ಸೈನ್ಯವು ಪ್ರಾಗಿಗೆ ನುಗ್ಗಿ ಚಕ್ರವರ್ತಿಗಳ ಸಂಗ್ರಹವನ್ನು ಸುಲಿದು ರಾಣಿ ಕ್ರಿಸ್ಟಿನಾಳಿಗೆ ಒಯ್ದಿತು. 1660ರ ವೇಳೆಗೆ ಚಿತ್ರವು ಮಾರಾಟಕ್ಕೆ ಬಂದು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಪಾಲಾಯಿತು. ಇಂದಿಗೂ ಅದು ಆ ರಾಜಮನೆತನದ ಸಂಗ್ರಹದಲ್ಲಿಯೇ ಇದೆ. ಸೂರೆಯನ್ನು ನೋಡುವುದಕ್ಕೆ ಹಿತವಾದ ವಸ್ತುವೆಂದು ಬಗೆದ ಅರಮನೆಯೇ ಸೂರೆಯಾದುದು ಇತಿಹಾಸದ ವಿಡಂಬನೆಯೆನ್ನದೆ ವಿಧಿಯಿಲ್ಲ.

ಬ್ರೂಗಲ್ಲನ ಹಲಗೆ ಪ್ರಾಗಿನಿಂದ ಹೋದುದು ಯೂರೋಪಿನ ಮೂವತ್ತು ವರ್ಷಗಳ ಯುದ್ಧದ ಕೊನೆಯ ವರ್ಷದಲ್ಲಿ. 1618ರಿಂದ 1648ರವರೆಗೆ ನಡೆದ ಆ ಯುದ್ಧದ ನಡುವೆ ಬದುಕಿದ ಇನ್ನೊಬ್ಬ ಕಲಾವಿದನು ಯಾವ ದೊರೆಯ ಗೋಡೆಯನ್ನೂ ಬೇಡದೆ ಸೂರೆಯನ್ನು ಚಿತ್ರಿಸಿದನು. ಲೊರೇನ್ ಪ್ರಾಂತದ ನಾನ್ಸಿ ಎಂಬ ಊರಿನಲ್ಲಿ 1592ರಲ್ಲಿ ಹುಟ್ಟಿದ ಜಾಕ್ ಕಾಲೋ ಎಂಬಾತನೇ ಅವನು. ಫ್ರಾನ್ಸಿನ ಸೈನ್ಯವು ಅವನ ಹುಟ್ಟೂರನ್ನು ವಶಪಡಿಸಿಕೊಂಡ 1633ರಲ್ಲಿಯೇ ಅವನು ಯುದ್ಧದ ಸಂಕಟಗಳನ್ನು ಕುರಿತ 18 ಅಚ್ಚುಚಿತ್ರಗಳ ಮಾಲೆಯನ್ನು ಪ್ರಕಟಿಸಿದನು. ತಾಮ್ರದ ತಗಡಿನ ಮೇಲೆ ಗೀರಿ, ಆಮ್ಲದಿಂದ ಕೊರೆದು, ಕಾಗದದ ಮೇಲೆ ಒತ್ತಿದ ಈ ಚಿತ್ರಗಳು ಬಹು ಚಿಕ್ಕವು; ಒಂದೊಂದೂ ಗೇಣುದ್ದಕ್ಕಿಂತ ಹೆಚ್ಚಿಲ್ಲ. ಗೋಡೆಗೆ ತೂಗುಹಾಕಿ ಮೆರೆಯುವ ಚಿತ್ರಗಳಲ್ಲ ಇವು. ಕೈಯಲ್ಲಿ ಹಿಡಿದು ಕಣ್ಣಿಗೆ ಹತ್ತಿರ ತಂದು ನೋಡಬೇಕಾದವು.

ಮಾಲೆಯ ಆರಂಭದಲ್ಲಿ ಸೈನ್ಯಕ್ಕೆ ಆಳುಗಳನ್ನು ಸೇರಿಸಿಕೊಳ್ಳುತ್ತಾರೆ, ಬಳಿಕ ಕದನ. ಆಮೇಲೆ ಸೈನಿಕರು ಒಬ್ಬ ರೈತನ ದೊಡ್ಡ ಮನೆಗೆ ನುಗ್ಗುತ್ತಾರೆ, ಕ್ರೈಸ್ತ ಸನ್ಯಾಸಿನಿಯರ ಮಠವನ್ನು ಸುಡುತ್ತಾರೆ, ಹಳ್ಳಿಯನ್ನು ದೋಚಿ ಬೆಂಕಿಯಿಡುತ್ತಾರೆ, ದಾರಿಯಲ್ಲಿ ಬಂಡಿಯನ್ನು ಅಡ್ಡಗಟ್ಟುತ್ತಾರೆ. ಮುಂದಿನ ಚಿತ್ರಗಳಲ್ಲಿ ಅದೇ ಸೈನಿಕರು ಸಿಕ್ಕಿಬಿದ್ದು ಶಿಕ್ಷೆಗೆ ಗುರಿಯಾಗುತ್ತಾರೆ. ಒಂದು ಹೆಮ್ಮರದ ಕೊಂಬೆಗಳಲ್ಲಿ ಹಣ್ಣು ತೂಗಿದಂತೆ ದೇಹಗಳು ತೂಗುತ್ತವೆ. ಆದರೆ ಕಥೆ ನ್ಯಾಯದಾನದೊಂದಿಗೆ ಮುಗಿಯುವುದಿಲ್ಲ. ಅಂಗಹೀನರಾದ ಸೈನಿಕರು ಆಸ್ಪತ್ರೆಯ ಮುಂದೆ ಕುಂಟುತ್ತಾರೆ, ರಸ್ತೆಯ ಬದಿಯಲ್ಲಿ ಸಾಯುತ್ತಾರೆ. ಹದಿನೇಳನೆಯ ಚಿತ್ರದಲ್ಲಿ, ಹಿಂದೆ ಸುಲಿಗೆಗೊಳಗಾದ ರೈತರೇ ದೊಣ್ಣೆ ಹಿಡಿದು ಬಂದು ಸೈನಿಕರನ್ನು ಬಡಿದು ಕೊಂದು ಅವರ ಬಟ್ಟೆಯನ್ನು ಸುಲಿಯುತ್ತಾರೆ. ಕೊನೆಯದರಲ್ಲಿ ದೊರೆಯೊಬ್ಬನು ಸಿಂಹಾಸನದ ಮೇಲಿಂದ ಬಹುಮಾನ ಹಂಚುತ್ತಾನೆ. ಇಡೀ ಮಾಲೆಯನ್ನು ನೋಡಿದವನಿಗೆ ಹದಿನೇಳನೆಯ ಚಿತ್ರವನ್ನು ಮರೆಯುವುದು ಸಾಧ್ಯವಿಲ್ಲ. ಸೂರೆಯು ಧಾನ್ಯವನ್ನೂ ದನವನ್ನೂ ಒಯ್ಯುವುದರ ಜೊತೆಗೆ ಸೂರೆಯಾದವನ ಒಳ್ಳೆಯತನವನ್ನೂ ಒಯ್ಯುತ್ತದೆಂಬ ಸತ್ಯವನ್ನು ಗೇಣುದ್ದದ ಕಾಗದದಲ್ಲಿ ಅಡಗಿಸಿಟ್ಟವನು ಕಾಲೋ.

ಕನ್ನಡ ನಾಡಿನ ನೆಲದಲ್ಲಿ ನಡೆದ ಒಂದು ಮಹಾಸೂರೆಗೂ ಚಿತ್ರಗಳ ಕೊರತೆಯಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನನು ಮಡಿದನು. ಅಂದಿನ ಇರುಳೆಲ್ಲ ಪಟ್ಟಣ ಲೂಟಿಯಾಯಿತು. ಮರುವರ್ಷವೇ ಲಂಡನ್ನಿನಲ್ಲಿ ಕೆರ್ ಪೋರ್ಟರ್ ಎಂಬ ಚಿತ್ರಕಾರನು ಕೋಟೆಗೆ ಲಗ್ಗೆಯಿಟ್ಟ ದೃಶ್ಯವನ್ನು ಬೃಹದಾಕಾರದ ಬಟ್ಟೆಯ ಮೇಲೆ ಬರೆದು ಪ್ರದರ್ಶನಕ್ಕಿಟ್ಟನು. ಈಸ್ಟ್ ಇಂಡಿಯಾ ಕಂಪನಿಯು 1808ರಲ್ಲಿ ಸೈನಿಕರಿಗೆ ಹಂಚಿದ ಪದಕದ ಮೇಲೆ ಬ್ರಿಟಿಷ್ ಸಿಂಹವು ಹುಲಿಯನ್ನು ಕೆಡವಿರುವ ಚಿತ್ರವಿದೆ. ಡೇವಿಡ್ ವಿಲ್ಕಿ ಎಂಬ ಪ್ರಖ್ಯಾತ ಚಿತ್ರಕಾರನು 1839ರಲ್ಲಿ ಮುಗಿಸಿದ ತೈಲಚಿತ್ರದಲ್ಲಿ ಸೇನಾಪತಿ ಬೇರ್ಡ್ ಕೈದೀಪದ ಬೆಳಕಿನಲ್ಲಿ ಸುಲ್ತಾನನ ದೇಹದ ಮುಂದೆ ಗಂಭೀರನಾಗಿ ನಿಂತಿದ್ದಾನೆ. ಅದನ್ನು ಬರೆಯಿಸಿದವಳು ಬೇರ್ಡನ ವಿಧವೆ.

ಈ ಚಿತ್ರಗಳಲ್ಲಿ ಧೈರ್ಯವಿದೆ, ಔದಾರ್ಯವಿದೆ, ಬಾವುಟವಿದೆ; ಲೂಟಿ ಮಾತ್ರ ಇಲ್ಲ. ಸುಲ್ತಾನನ ಸಿಂಹಾಸನವನ್ನು ಸೈನ್ಯದ ಪಾಲು ಹಂಚಿಕೆಯ ಅಧಿಕಾರಿಗಳು ತುಂಡುತುಂಡು ಮಾಡಿಸಿದರೆಂಬುದನ್ನು ಯಾವ ಚಿತ್ರಕಾರನೂ ಬರೆಯಲಿಲ್ಲ. ಆ ಸಿಂಹಾಸನದ ಚಿನ್ನದ ಹುಲಿಮುಖವೂ ರತ್ನಖಚಿತವಾದ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹ ಸೇರಿವೆ. ಬಿಳಿಯನ ಮೇಲೆರಗಿದ ಮರದ ಹುಲಿಯ ಯಂತ್ರವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅಸ್ಸೀರಿಯದ ದೊರೆ ಕೊಳ್ಳೆಯನ್ನು ತೋರಿಸಿ ಹೆಮ್ಮೆಪಟ್ಟನು. ಹತ್ತೊಂಬತ್ತನೆಯ ಶತಮಾನದ ಸಾಮ್ರಾಜ್ಯವು ಕೊಳ್ಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಗೋಡೆಯ ಮೇಲೆ ಕೇವಲ ಶೌರ್ಯವನ್ನು ತೂಗುಹಾಕಿತು. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಚಿತ್ರ ಪೂರ್ಣವಾಗುತ್ತದೆ. ಹಾಗೆಂದು ಗೆಲುವಿನ ಚಿತ್ರ ಬರೆಯಿಸುವ ಚಾಳಿ ಪರಕೀಯರಿಗೆ ಮಾತ್ರ ಮೀಸಲಲ್ಲ. 1780ರ ಪೊಲ್ಲಿಲೂರು ಯುದ್ಧದಲ್ಲಿ ಇಂಗ್ಲಿಷರನ್ನು ಸೋಲಿಸಿದ ಕಥೆಯನ್ನು ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಬರೆಯಿಸಿದವನು ಟಿಪ್ಪುವೇ. ಗೋಡೆ ಯಾರದೋ ಗೆಲುವೂ ಅವರದೇ.

ಗೋಡೆಯೇ ಇಲ್ಲದವರು ಏನು ಮಾಡಿದರು? ಈ ಪ್ರಶ್ನೆಗೆ ಕನ್ನಡ ನಾಡು ಕೊಟ್ಟ ಉತ್ತರ ಬಹು ದೊಡ್ಡದು. ಊರ ಹೊರಗಿನ ಬಯಲಿನಲ್ಲಿ, ಕೆರೆಯ ಏರಿಯ ಬಳಿ, ಹಾಳು ಗುಡಿಯ ಅಂಗಳದಲ್ಲಿ ಸಾವಿರಾರು ಸಂಖ್ಯೆಯಲ್ಲಿ ನಿಂತಿರುವ ವೀರಗಲ್ಲುಗಳೇ ಆ ಉತ್ತರ. ಹಳೆಯ ಶಾಸನಗಳಲ್ಲಿ ಬರುವ ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಸೂರೆಯ ಮೂರು ಮುಖಗಳನ್ನು ಹೇಳುತ್ತವೆ: ದನಗಳನ್ನು ಹೊಡೆದುಕೊಂಡು ಹೋಗುವುದು, ಊರನ್ನು ಹಾಳುಮಾಡುವುದು, ಹೆಣ್ಣುಮಕ್ಕಳ ಮೊರೆ. ತುರುಗೊಳ್ಳಿನ ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗೆ ಕಾದಾಡುವ ವೀರ, ಅವನ ಪಕ್ಕದಲ್ಲಿ ಸಣ್ಣದಾಗಿ ಕಂಡರಿಸಿದ ದನಗಳ ಸಾಲು. ನಡುವೆ ಅವನನ್ನು ಕರೆದೊಯ್ಯುವ ದೇವಕನ್ಯೆಯರು. ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರ. ತುದಿಯಲ್ಲಿ ಸೂರ್ಯ ಚಂದ್ರರು. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟುದನ್ನೂ ಕೆಲವು ಶಾಸನಗಳು ಹೇಳುತ್ತವೆ.

ದಾಳಿಯಿಟ್ಟ ಪಕ್ಷದಲ್ಲಿ ಮಡಿದವರಿಗೂ ಕಲ್ಲು ನಿಂತದ್ದುಂಟು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ದನ ಬಿಡಿಸಲು ಹೋಗಿ ಸತ್ತವನ ಕಲ್ಲಿನಲ್ಲಿ ಸುಲಿದವನ ವೈಭವವಿಲ್ಲ, ಸುಲಿದ ಸಾಮಗ್ರಿಯ ಪಟ್ಟಿಯಿಲ್ಲ, ಕರಣಿಕರಿಲ್ಲ. ಸೂರೆಯಾದ ಊರು ತನ್ನ ಕಣ್ಣಿನಿಂದ ತನ್ನ ಸೂರೆಯನ್ನು ಕಂಡು, ತನ್ನ ಖರ್ಚಿನಲ್ಲಿ ಕೊರೆಯಿಸಿದ ಚಿತ್ರವದು. ಚಕ್ರವರ್ತಿಗಳ ಕಮಾನುಗಳ ಎದುರಿಗೆ ಆಳೆತ್ತರದ ಈ ಕಲ್ಲುಗಳನ್ನು ನಿಲ್ಲಿಸಿ ನೋಡುವ ಧೈರ್ಯವನ್ನು ಕನ್ನಡ ಶಾಲೆಗಳು ಮಾಡಬೇಕು.

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ಎಳೆಯ ಮನಸ್ಸುಗಳಿಗೆ ಕ್ರೌರ್ಯದ ಚಿತ್ರಗಳನ್ನು ತೋರಿಸಬಹುದೇ ಎಂಬುದು ಮೊದಲನೆಯದು. ವಯಸ್ಸಿಗೆ ತಕ್ಕಂತೆ ಆರಿಸಿ ತೋರಿಸಬೇಕೆಂಬುದು ನಿರ್ವಿವಾದ. ಆದರೆ ಆರಿಸುವುದು ಬೇರೆ, ಬಣ್ಣ ಬಳಿಯುವುದು ಬೇರೆ. ಕೂಸನ್ನು ಗಂಟನ್ನಾಗಿ ಮಾಡಿದ ರುಡಾಲ್ಫನ ಆಸ್ಥಾನವೂ ನೋಡುವವರ ಮನಸ್ಸು ನೋಯಬಾರದೆಂದೇ ಹಾಗೆ ಮಾಡಿರಬಹುದು, ಉಳಿದದ್ದು ಸುಳ್ಳು. ಗೆಲುವು, ವಿಸ್ತರಣೆ, ದಿಗ್ವಿಜಯ ಎಂಬ ಸವಿಯಾದ ಮಾತುಗಳು ಪಾಠದಲ್ಲಿ ಬಂದಾಗಲೆಲ್ಲ, ಅವುಗಳಡಿಯಲ್ಲಿ ಯಾವ ಕೂಸು ಅಡಗಿದೆಯೆಂದು ಕೇಳುವ ಹಕ್ಕು ವಿದ್ಯಾರ್ಥಿಗೆ ಇರಬೇಕು.

ಸೂರೆಯ ನೆನಪು ಹಗೆಯನ್ನು ಬೆಳೆಸುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದು ಹೆಚ್ಚು ತೂಕವುಳ್ಳದ್ದು. ಹಳೆಯ ಸೂರೆಯ ಒಂದೇ ಒಂದು ಚಿತ್ರವನ್ನು ಎತ್ತಿ ಹಿಡಿದು, ಇಂದಿನ ನೆರೆಮನೆಯವನ ಕಡೆ ಬೆರಳು ಮಾಡುವ ಜನ ಎಲ್ಲ ಕಾಲದಲ್ಲಿಯೂ ಉಂಟು. ಅದಕ್ಕೆ ಮದ್ದು ಚಿತ್ರವನ್ನು ಬಚ್ಚಿಡುವುದಲ್ಲ. ಮಾಲೆಯನ್ನು ಪೂರ್ತಿಯಾಗಿ ತೋರಿಸುವುದು. ಕಾಲೋನ ಐದನೆಯ ಚಿತ್ರವನ್ನು ಕಂಡವನು ಹದಿನೇಳನೆಯದನ್ನೂ ಕಾಣಬೇಕು. ಅಸ್ಸೀರಿಯರು ಸುಲಿದರು, ಸುಲಿಸಿಕೊಂಡರು. ಸೂರೆಗೆ ಒಂದು ಕುಲವಿಲ್ಲ, ಒಂದು ಮತವಿಲ್ಲ, ಒಂದು ದೇಶವಿಲ್ಲ ಎಂಬುದು ಆಗ ಯಾರೂ ಬೋಧಿಸದೆಯೇ ಮನವರಿಕೆಯಾಗುತ್ತದೆ. ತುರುಗೊಳ್ಳಿನ ಕಲ್ಲುಗಳು ನಿಲ್ಲುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿಯೇ, ಹಸುಗಳನ್ನು ಒಯ್ದ ಕಳ್ಳರ ಹಿಂದೆ ಬೊಬ್ಬಿಡುತ್ತ ಓಡಬೇಡಿರೆಂದು ತಡೆದು, ಅಲ್ಲಿ ಉಣ್ಣುವವನಲ್ಲಿಯೂ ತಮ್ಮ ಸಂಗಮನಾಥನನ್ನೇ ಕಂಡ ಬಸವಣ್ಣನವರ ವಚನವೂ ಹುಟ್ಟಿತು. ಊರಿಗಾಗಿ ಪ್ರಾಣ ಕೊಟ್ಟ ವೀರನನ್ನೂ ಕಳ್ಳನಲ್ಲಿ ದೇವರನ್ನು ಕಂಡ ಶರಣನನ್ನೂ ಒಟ್ಟಿಗೆ ಗೌರವಿಸಬಲ್ಲ ಮನಸ್ಸು ಹಗೆಯ ಕೈಗೆ ಸುಲಭವಾಗಿ ಸಿಕ್ಕುವುದಿಲ್ಲ.

ಮಠದ ಶಾಲೆಗೆ ಈ ಕೆಲಸ ವಿಶೇಷವಾಗಿ ಒಪ್ಪುತ್ತದೆ. ಸೂರೆಯೆಂದರೆ ಪರರ ಕಾಯಕದ ಫಲವನ್ನು ಬಲದಿಂದ ಕಸಿಯುವುದು. ದಾಸೋಹವೆಂದರೆ ತನ್ನ ಕಾಯಕದ ಫಲವನ್ನು ಮನಸ್ಸಿನಿಂದ ನೀಡುವುದು. ರೈತನು ತಾನಾಗಿ ತಂದು ಸುರಿದ ಜೋಳದ ಚೀಲದಿಂದ ಬೆಳೆದ ಸಂಸ್ಥೆಯು ಕಸಿದ ಚೀಲದ ಇತಿಹಾಸವನ್ನು ತಲೆಯೆತ್ತಿ ಹೇಳಬಲ್ಲದು. ಅದಕ್ಕೆ ದೊಡ್ಡ ವೆಚ್ಚವೂ ಬೇಕಾಗಿಲ್ಲ. ಇತಿಹಾಸದ ಅಧ್ಯಾಪಕರೂ ಚಿತ್ರಕಲೆಯ ಅಧ್ಯಾಪಕರೂ ವರ್ಷಕ್ಕೊಮ್ಮೆ ಮಕ್ಕಳನ್ನು ಸುತ್ತಣ ಹಳ್ಳಿಗಳಿಗೆ ಕರೆದೊಯ್ದು ವೀರಗಲ್ಲುಗಳನ್ನು ಗುರುತಿಸಿ, ಅಳೆದು, ಬರೆದುಕೊಳ್ಳುವಂತೆ ಮಾಡಬಹುದು. ಎಷ್ಟೋ ಊರುಗಳಲ್ಲಿ ಅವು ಬಟ್ಟೆ ಒಗೆಯುವ ಬಂಡೆಗಳಾಗಿ, ಚರಂಡಿಯ ಹಾಸುಗಲ್ಲುಗಳಾಗಿ ಸವೆಯುತ್ತಿವೆ. ಹಳೆಯ ವಿದ್ಯಾರ್ಥಿಗಳು ತಂತಮ್ಮ ಊರಿನ ಒಂದೊಂದು ಕಲ್ಲನ್ನು ಎತ್ತಿ ನಿಲ್ಲಿಸುವ ಹೊಣೆ ಹೊರಬಹುದು. ದಾನಿಗಳು ಅವುಗಳ ಮೇಲೊಂದು ಮಾಡು, ಪಕ್ಕದಲ್ಲಿ ಶಾಸನದ ಅರ್ಥವನ್ನು ತಿಳಿಗನ್ನಡದಲ್ಲಿ ಬರೆದ ಒಂದು ಫಲಕ ಹಾಕಿಸಿದರೆ, ಕಟ್ಟಡಕ್ಕೆ ಕೊಟ್ಟ ದಾನಕ್ಕಿಂತ ಅದು ಕಡಿಮೆಯದಾಗದು.

ಸಿಂಹಾಸನದ ಮೇಲೆ ಕುಳಿತ ದೊರೆಯ ಚಿತ್ರವನ್ನು ಕಾಯಲು ಲೋಕದಲ್ಲಿ ದೊಡ್ಡ ದೊಡ್ಡ ಮ್ಯೂಸಿಯಂಗಳಿವೆ. ದನ ಬಿಡಿಸಲು ಹೋಗಿ ಹಿಂದಿರುಗದವನ ಚಿತ್ರವನ್ನು ಕಾಯಬೇಕಾದವರು ಅವನ ಊರಿನವರೇ.